ಜೋಡಿಪದದ ಬೆನ್ನಿಗೆ ಏನು ಬರಬೇಕು: ಇಂಗ್ಲಿಷಿನ ಬೋತ್–ಆ್ಯಂಡ್, ನೈದರ್–ನಾರ್, ನಾಟ್ ಓನ್ಲಿ–ಬಟ್ ಆಲ್ಸೋ ಬಳಸುವ ಬಗೆ

ಶಿರಸಿಯಿಂದ ಕಾರವಾರಕ್ಕೆ ಹೊರಟ ಬಸ್ಸು ದೇವಿಮನೆ ಘಟ್ಟ ಇಳಿದ ಮೇಲೆ ಕುಮಟಾದಲ್ಲಿ ಮಾತ್ರವಲ್ಲ, ಅಂಕೋಲಾದಲ್ಲೂ ನಿಲ್ಲುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿಂದ ಹಿಡಿದು ಬ್ಯಾಂಕ್ ಪರೀಕ್ಷೆಗೆ ಓದುವವರ ತನಕ ಹೆಚ್ಚಿನವರ ಪೆನ್ನು ಹೀಗೆ ಓಡುತ್ತದೆ:

"ದಿ ಬಸ್ ನಾಟ್ ಓನ್ಲಿ ಸ್ಟಾಪ್ಸ್ ಆ್ಯಟ್ ಕುಮಟಾ ಬಟ್ ಆಲ್ಸೋ ಅಂಕೋಲಾ."

ಅರ್ಥವೇನೋ ಆಗುತ್ತದೆ. ಆದರೂ ಮಾರ್ಕು ಹೋಗುತ್ತದೆ. 'ನಾಟ್ ಓನ್ಲಿ' ಆದ ಕೂಡಲೇ ಬಂದದ್ದು 'ಸ್ಟಾಪ್ಸ್' ಎಂಬ ಕ್ರಿಯಾಪದ. 'ಬಟ್ ಆಲ್ಸೋ' ಆದ ಕೂಡಲೇ ಬಂದದ್ದು ಬರೀ ಒಂದು ಊರಿನ ಹೆಸರು. ಒಂದು ಕಡೆ 'ನಿಲ್ಲುತ್ತದೆ', ಇನ್ನೊಂದು ಕಡೆ 'ಅಂಕೋಲಾ': ಇವೆರಡು ಜೋಡಿಯಾಗುವುದಿಲ್ಲ. ಸರಿಯಾದ ರೂಪ ಇದು:

"ದಿ ಬಸ್ ಸ್ಟಾಪ್ಸ್ ನಾಟ್ ಓನ್ಲಿ ಆ್ಯಟ್ ಕುಮಟಾ ಬಟ್ ಆಲ್ಸೋ ಆ್ಯಟ್ ಅಂಕೋಲಾ."

ಬದಲಾದದ್ದು ಎರಡೇ. 'ಸ್ಟಾಪ್ಸ್' ಜೋಡಿಯಿಂದ ಹೊರಗೆ ಬಂತು, 'ಆ್ಯಟ್' ಎರಡೂ ಕಡೆ ಬಂತು. ಹೀಗೆ ಜೋಡಿಯಾಗಿ ಬರುವ ಪದಗಳನ್ನು ಕೋರಿಲೇಟಿವ್ ಕಂಜಂಕ್ಷನ್ ಎನ್ನುತ್ತಾರೆ, ಅವುಗಳ ಎರಡೂ ಬದಿ ಒಂದೇ ಅಚ್ಚಿನಲ್ಲಿರಬೇಕು ಎಂಬ ನಿಯಮಕ್ಕೆ ಪ್ಯಾರಲಲ್ ಸ್ಟ್ರಕ್ಚರ್ ಎಂದು ಹೆಸರು. ಹೆಸರು ಮರೆತರೂ ನಡೆದೀತು. ಜೋಡಿಪದದ ಬೆನ್ನಿಗೇ ಏನಿದೆ ಎಂದು ನೋಡುವ ಅಭ್ಯಾಸ ಮಾತ್ರ ಬೇಕೇ ಬೇಕು.

ಮುಂದಿನ ಉದಾಹರಣೆಗಳನ್ನು ಓದುವಾಗ ಒಂದು ಸಣ್ಣ ಸೂಚನೆ. 'ಓರ್' ಎಂದು ಬರೆದದ್ದು 'ಅಥವಾ' ಅರ್ಥದ ಪದ, 'ಆರ್' ಎಂದು ಬರೆದದ್ದು 'ಈಸ್'ನ ಬಹುವಚನ.

ಕನ್ನಡದವರಿಗೆ ಇದು ಯಾಕೆ ತಪ್ಪುತ್ತದೆ

ಕನ್ನಡದಲ್ಲಿ ಜೋಡಿಯ ಗುರುತು ಪದದ ಬಾಲಕ್ಕೆ ಅಂಟಿರುತ್ತದೆ. 'ಚಾಲಿಯೂ ರಾಶಿಯೂ' (ಎರಡೂ ಅಡಿಕೆಯ ಬಗೆಗಳು), 'ಇವತ್ತೋ ನಾಳೆಯೋ', 'ಬರುತ್ತಾನೋ ಇಲ್ಲವೋ'. ಆ ಊಕಾರ, ಓಕಾರ ಯಾವ ಪದಕ್ಕೆ ಸೇರಬೇಕೋ ಅದಕ್ಕೇ ಅಂಟುವುದರಿಂದ ಜಾಗ ತಪ್ಪುವ ಪ್ರಶ್ನೆಯೇ ಇಲ್ಲ. ಜೊತೆಗೆ, ಎರಡಕ್ಕೂ ಸೇರಿದ ಕ್ರಿಯಾಪದ ವಾಕ್ಯದ ತುದಿಯಲ್ಲಿ ತನ್ನಷ್ಟಕ್ಕೆ ಕೂತಿರುತ್ತದೆ: 'ಚಾಲಿಯೂ ರಾಶಿಯೂ ಮಾರುತ್ತಾರೆ'.

ಇಂಗ್ಲಿಷಿನಲ್ಲಿ ಎರಡೂ ತಿರುವುಮುರುವು. ಗುರುತು ಪದಕ್ಕಿಂತ ಮೊದಲು ಬರುತ್ತದೆ, ಅದೂ ಯಾವುದಕ್ಕೂ ಅಂಟದೆ ಬಿಡಿಯಾಗಿ. ಕ್ರಿಯಾಪದವೋ ವಾಕ್ಯದ ನಡುಮಧ್ಯೆ ನಿಂತಿರುತ್ತದೆ. ಹಾಗಾಗಿ ಪ್ರತಿ ಸಲವೂ ನಾವೊಂದು ತೀರ್ಮಾನ ಮಾಡಬೇಕು: ಗುರುತನ್ನು ಕ್ರಿಯಾಪದಕ್ಕಿಂತ ಹಿಂದೆ ಇಡುವುದೋ, ಅದು ಆದಮೇಲೆ ಇಡುವುದೋ? ಕನ್ನಡದಲ್ಲಿ ಯಾವತ್ತೂ ಮಾಡಬೇಕಿಲ್ಲದ ತೀರ್ಮಾನ ಇದು. ಮಾಡದೆ ಬಿಟ್ಟಾಗ ಗುರುತು ಬಾಯಿಗೆ ಮೊದಲು ಸಿಕ್ಕ ಕಡೆ, ಅಂದರೆ ಕರ್ತೃವಿನ ಪಕ್ಕದಲ್ಲೇ ಬಿದ್ದುಬಿಡುತ್ತದೆ. ಹತ್ತರಲ್ಲಿ ಎಂಟು ತಪ್ಪಿನ ಮೂಲ ಇಷ್ಟೇ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಅರ್ಧರ್ಧ ಓದಿ ನೋಡುವುದು

ಬರೆದ ವಾಕ್ಯ ಸರಿಯೋ ಅಲ್ಲವೋ ತಿಳಿಯಲು ವ್ಯಾಕರಣದ ಪಾರಿಭಾಷಿಕ ಪದಗಳೇ ಬೇಕಿಲ್ಲ. ಪೆನ್ಸಿಲಿನಿಂದ ಎರಡೂ ಗುರುತಿನ ಅಡಿಗೆರೆ ಎಳೆಯಿರಿ. ಮೊದಲ ಗುರುತನ್ನು ಮುಚ್ಚಿ, ಎರಡನೆಯ ಗುರುತಿನಿಂದ ಅದರ ಪಾಲಿನ ತುದಿಯವರೆಗೆ ಬಿಟ್ಟು ಓದಿ. ಆಮೇಲೆ ಮೊದಲ ಗುರುತಿನಿಂದ ಎರಡನೆಯ ಗುರುತಿನವರೆಗೆ, ಆ ಎರಡನೆಯದನ್ನೂ ಸೇರಿಸಿ, ಎಲ್ಲವನ್ನೂ ಮುಚ್ಚಿ ಉಳಿದದ್ದನ್ನು ಓದಿ. ಎರಡು ಸಲವೂ ಪೂರ್ಣ ವಾಕ್ಯ ಸಿಗಬೇಕು. ಒಂದು ಸಲ ಮುರಿದ ವಾಕ್ಯ ಸಿಕ್ಕರೂ ಜೋಡಿ ತಪ್ಪಿದೆ.

"ಫಾರ್ಮರ್ಸ್ ಇನ್ ಶಿರಸಿ ಬೋತ್ ಸೆಲ್ ಚಾಲಿ ಆ್ಯಂಡ್ ರಾಶಿ" ಎಂಬುದನ್ನು ಹೀಗೆ ಓದಿ. ಮೊದಲ ಅರ್ಧ, "ಫಾರ್ಮರ್ಸ್ ಇನ್ ಶಿರಸಿ ಸೆಲ್ ಚಾಲಿ". ಸರಿಯಿದೆ. ಎರಡನೆಯ ಅರ್ಧ, "ಫಾರ್ಮರ್ಸ್ ಇನ್ ಶಿರಸಿ ರಾಶಿ". ಮಾರುತ್ತಾರೋ ಕೊಳ್ಳುತ್ತಾರೋ, ಕ್ರಿಯಾಪದವೇ ಇಲ್ಲ. 'ಬೋತ್' ಅನ್ನು 'ಸೆಲ್' ಆದಮೇಲೆ ಇಟ್ಟು "ಫಾರ್ಮರ್ಸ್ ಇನ್ ಶಿರಸಿ ಸೆಲ್ ಬೋತ್ ಚಾಲಿ ಆ್ಯಂಡ್ ರಾಶಿ" ಎಂದರೆ ಎರಡೂ ಅರ್ಧ ಸರಿಯಾಗಿ ನಿಲ್ಲುತ್ತವೆ.

ಹಾಗೆಂದು ಗುರುತು ಯಾವಾಗಲೂ ಕ್ರಿಯಾಪದ ಆದಮೇಲೇ ಬರಬೇಕು ಎಂದು ಬಾಯಿಪಾಠ ಮಾಡಬೇಡಿ. ಕೆಂಪಡಿಕೆ ಮಾಡುವಾಗ ಹಸಿ ಅಡಿಕೆಯನ್ನು ಸುಲಿಯುವುದೂ ಇದೆ, ಬೇಯಿಸುವುದೂ ಇದೆ. ಅಲ್ಲಿ ಜೋಡಿಯಾಗಿರುವುದು ಕೆಲಸಗಳೇ. "ದಿ ಫ್ಯಾಮಿಲಿ ಬೋತ್ ಪೀಲ್ಸ್ ಆ್ಯಂಡ್ ಬಾಯ್ಲ್ಸ್ ದಿ ನಟ್ಸ್" ಎಂಬ ವಾಕ್ಯದಲ್ಲಿ ಗುರುತು ಕ್ರಿಯಾಪದಕ್ಕಿಂತ ಹಿಂದೆ ಇರುವುದೇ ಸರಿ. ಕೊನೆಯ 'ದಿ ನಟ್ಸ್' ಎರಡಕ್ಕೂ ಸೇರಿದ್ದು, ಅರ್ಧ ಓದುವಾಗ ಅದನ್ನು ಎರಡು ಸಲವೂ ಉಳಿಸಿಕೊಳ್ಳಿ. ಇಲ್ಲಿ ಒಂದು ತೊಡಕಿದೆ. ಕರ್ತೃ 'ದೇ' ಆಗಿದ್ದರೆ "ದೇ ಬೋತ್ ಪೀಲ್ ಆ್ಯಂಡ್ ಬಾಯ್ಲ್" ಎಂಬುದನ್ನು ಓದುವವರು 'ಅವರಿಬ್ಬರೂ' ಎಂದು ತಿಳಿಯಬಹುದು. ಬಹುವಚನದ ಕರ್ತೃವಿನ ಪಕ್ಕ 'ಬೋತ್' ಇಡುವ ಮುಂಚೆ ಈ ಗೊಂದಲ ಆಗುತ್ತದೆಯೇ ನೋಡಿಕೊಳ್ಳಿ. ಆಗುತ್ತದೆಂದರೆ 'ಬೋತ್' ಬಿಟ್ಟು ಬರೀ 'ಆ್ಯಂಡ್' ಸಾಕು.

ಅರ್ಧ ಓದಿದಾಗ ಎರಡೂ ವಾಕ್ಯ ಸರಿಯಿದ್ದೂ ಜೋಡಿ ಕುಂಟುವುದುಂಟು. "ಶೀ ಲೈಕ್ಸ್ ನೈದರ್ ಕ್ಲೀನಿಂಗ್ ಫಿಶ್ ನಾರ್ ಟು ಸೆಲ್ ಇಟ್" ನೋಡಿ. ಮೀನು ಹೆಚ್ಚುವುದೂ ಅವಳಿಗೆ ಇಷ್ಟವಿಲ್ಲ, ಮಾರುವುದೂ ಇಷ್ಟವಿಲ್ಲ. 'ಲೈಕ್ಸ್ ಕ್ಲೀನಿಂಗ್' ಸರಿ, 'ಲೈಕ್ಸ್ ಟು ಸೆಲ್' ಕೂಡ ಸರಿ. ಆದರೆ ಒಂದು ಕಡೆ 'ಇಂಗ್' ರೂಪ, ಇನ್ನೊಂದು ಕಡೆ 'ಟು' ರೂಪ. ಯಾವುದಾದರೂ ಒಂದನ್ನು ಎರಡೂ ಕಡೆ ಇಡಿ: "ನೈದರ್ ಕ್ಲೀನಿಂಗ್ ಫಿಶ್ ನಾರ್ ಸೆಲ್ಲಿಂಗ್ ಇಟ್". ಹಾಗೆಯೇ "ದಿ ಘಾಟ್ ರೋಡ್ ಈಸ್ ಬೋತ್ ನ್ಯಾರೋ ಆ್ಯಂಡ್ ಎ ಡೇಂಜರ್" ಎಂದರೆ ಒಂದು ಗುಣವಾಚಕ, ಒಂದು ನಾಮಪದ. 'ಎ ಡೇಂಜರ್' ತೆಗೆದು 'ಡೇಂಜರಸ್' ಹಾಕಿದರೆ ಮುಗಿಯಿತು. ಅರ್ಧ ಓದುವ ಉಪಾಯ ಜಾಗ ತಪ್ಪಿದ್ದನ್ನು ಹಿಡಿಯುತ್ತದೆ. ಅಚ್ಚು ಬೇರೆಯಾದದ್ದನ್ನು ಕಣ್ಣಿನಿಂದಲೇ ಹಿಡಿಯಬೇಕು.

ಇನ್, ಟು, ಎ, ದಿ: ಒಂದು ಸಲವೋ ಎರಡು ಸಲವೋ

ಪರೀಕ್ಷೆಯಲ್ಲಿ ಪ್ರಶ್ನೆ ತೆಗೆಯುವವರಿಗೆ ಬಹಳ ಪ್ರೀತಿಯ ಜಾಗ ಇದು, ಯಾಕೆಂದರೆ ತಪ್ಪು ಸಣ್ಣದು, ಕಣ್ಣಿಗೆ ಬೀಳುವುದಿಲ್ಲ. ನಿಯಮ ಒಂದೇ ಸಾಲಿನದು: ಎರಡಕ್ಕೂ ಸೇರಿದ ಪದ ಮೊದಲ ಗುರುತಿಗಿಂತ ಹಿಂದೆ ಇದ್ದರೆ ಒಂದೇ ಸಲ, ಗುರುತು ಆದಮೇಲೆ ಬಂದರೆ ಎರಡು ಸಲ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಬೀಳುವ ತಪ್ಪು ಇದು:

"ಮೆಕನೈಸ್ಡ್ ಬೋಟ್ಸ್ ಮೇ ಫಿಶ್ ನೈದರ್ ಇನ್ ಜೂನ್ ನಾರ್ ಜುಲೈ."

'ಇನ್' ಗುರುತಿನ ನಂತರ ಬಂದಿದೆ, ಹಾಗಾಗಿ ಎರಡು ಸಲ ಬರಬೇಕು: "ನೈದರ್ ಇನ್ ಜೂನ್ ನಾರ್ ಇನ್ ಜುಲೈ". ಅದನ್ನು ಹಿಂದಕ್ಕೆ ತಂದು "ಇನ್ ನೈದರ್ ಜೂನ್ ನಾರ್ ಜುಲೈ" ಎಂದರೂ ವ್ಯಾಕರಣ ಒಪ್ಪುತ್ತದೆ, ಕಿವಿಗೆ ಸ್ವಲ್ಪ ಬಿರುಸು, ಅಷ್ಟೆ. ಇದೇ ರೀತಿ "ಬೋತ್ ಇನ್ ಹೊನ್ನಾವರ ಆ್ಯಂಡ್ ಭಟ್ಕಳ" ತಪ್ಪು, "ಬೋತ್ ಇನ್ ಹೊನ್ನಾವರ ಆ್ಯಂಡ್ ಇನ್ ಭಟ್ಕಳ" ಸರಿ, "ಇನ್ ಬೋತ್ ಹೊನ್ನಾವರ ಆ್ಯಂಡ್ ಭಟ್ಕಳ" ಕೂಡ ಸರಿ. ಪತ್ರ ಬರೆಯುವಾಗ ಕೊನೆಯದನ್ನೇ ಆಯ್ದುಕೊಳ್ಳಿ, ಚಿಕ್ಕದಾಗಿ ಮುಗಿಯುತ್ತದೆ.

'ಎ', 'ಆ್ಯನ್' ವಿಷಯದಲ್ಲಿ ಹಂಚಿಕೊಳ್ಳುವ ಆಸೆಯನ್ನೇ ಬಿಡುವುದು ಕ್ಷೇಮ. ಕೊಂಕಣ ರೈಲು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಮೇಲೆ ಹೋಗುತ್ತದೆ, ಘಟ್ಟದ ಮೇಲಿನ ಶಿರಸಿಗೆ ರೈಲಿಲ್ಲ, ವಿಮಾನವಂತೂ ಇಲ್ಲ. "ಶಿರಸಿ ಹ್ಯಾಸ್ ನೈದರ್ ಎ ರೈಲ್ವೆ ಸ್ಟೇಷನ್ ನಾರ್ ಏರ್‌ಪೋರ್ಟ್" ಎಂದು ಬರೆದರೆ 'ಏರ್‌ಪೋರ್ಟ್'ಗೆ ಆರ್ಟಿಕಲ್ ಇಲ್ಲದೆ ಹೋಗುತ್ತದೆ, ಹಿಂದಿನ 'ಎ' ಅದಕ್ಕೆ ಹೊಂದುವುದೂ ಇಲ್ಲ. "ನೈದರ್ ಎ ರೈಲ್ವೆ ಸ್ಟೇಷನ್ ನಾರ್ ಆ್ಯನ್ ಏರ್‌ಪೋರ್ಟ್" ಎಂದೇ ಬರೆಯಿರಿ.

'ಟು'ದಲ್ಲಿ ಇನ್ನೊಂದು ಬಗೆಯ ತಪ್ಪಿದೆ. ಒಳಗೂ ಹೊರಗೂ ಎರಡೂ ಕಡೆ ಹಾಕಿಬಿಡುವುದು: "ಹೀ ವಾಂಟ್ಸ್ ಟು ಐದರ್ ಸ್ಟಡಿ ಇನ್ ಧಾರವಾಡ ಓರ್ ಟು ವರ್ಕ್ ಇನ್ ಕಾರವಾರ". ಮೊದಲ 'ಟು' ಗುರುತಿಗಿಂತ ಹಿಂದಿದೆ, ಅಂದರೆ ಎರಡಕ್ಕೂ ಸೇರಿದ್ದು. ಹಾಗಿದ್ದರೆ 'ಓರ್' ಆದಮೇಲೆ ಮತ್ತೆ 'ಟು' ಬೇಡ. ಆದರೂ 'ಟು' ಮತ್ತು ಕ್ರಿಯಾಪದದ ನಡುವೆ ಬೇರೆ ಪದ ಸಿಕ್ಕಿಸುವುದನ್ನು ಹಳೇ ಶಿಸ್ತಿನ ಮೇಷ್ಟ್ರುಗಳು ಒಪ್ಪುವುದಿಲ್ಲ. ಉತ್ತರಪತ್ರಿಕೆ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲದಿರುವಾಗ "ಹೀ ವಾಂಟ್ಸ್ ಐದರ್ ಟು ಸ್ಟಡಿ ಇನ್ ಧಾರವಾಡ ಓರ್ ಟು ವರ್ಕ್ ಇನ್ ಕಾರವಾರ" ಎಂಬುದೇ ನಿರಾಳ.

ನಾಟ್ ಓನ್ಲಿ: ಎಲ್ಲಕ್ಕಿಂತ ಜಾಣತನ ಕೇಳುವ ಜೋಡಿ

ಕೈಗಾದಲ್ಲಿ ತಲಾ 220 ಮೆಗಾವಾಟಿನ 4 ಅಣು ವಿದ್ಯುತ್ ಘಟಕಗಳಿವೆ. ಅಲ್ಲಿನ ಕರೆಂಟು ಕರ್ನಾಟಕಕ್ಕೆ ಮಾತ್ರವಲ್ಲ, ಬೇರೆ ರಾಜ್ಯಗಳಿಗೂ ಹೋಗುತ್ತದೆ. ಕಾಳಿ ನದಿಗೆ ಕಟ್ಟಿದ ಸೂಪಾ ಜಲಾಶಯವಿದೆ, ಕೆಳಗೆ ಅಂಬಿಕಾನಗರದಲ್ಲಿ ಜಲವಿದ್ಯುತ್ ಇದೆ. ಈ ಒಂದೇ ವಿಷಯದಿಂದ 'ನಾಟ್ ಓನ್ಲಿ'ಯ ಮೂರು ಜಾಗ ತೋರಿಸಬಹುದು.

"ನಾಟ್ ಓನ್ಲಿ ಕೈಗಾ ಬಟ್ ಆಲ್ಸೋ ಅಂಬಿಕಾನಗರ ಜನರೇಟ್ಸ್ ಪವರ್." ಇಲ್ಲಿ ಜೋಡಿ ಊರುಗಳದ್ದು, ಅಂದರೆ ಕರ್ತೃಗಳದ್ದು.

"ದಿ ಕಾಳಿ ನಾಟ್ ಓನ್ಲಿ ಫಿಲ್ಸ್ ದಿ ಸೂಪಾ ರಿಸರ್ವಾಯರ್ ಬಟ್ ಆಲ್ಸೋ ಟರ್ನ್ಸ್ ದಿ ಟರ್ಬೈನ್ಸ್ ಆ್ಯಟ್ ಅಂಬಿಕಾನಗರ." ತುಂಬಿಸುವುದು, ತಿರುಗಿಸುವುದು: ಜೋಡಿ ಕೆಲಸಗಳದ್ದು.

"ಕೈಗಾ ಜನರೇಟ್ಸ್ ಪವರ್ ನಾಟ್ ಓನ್ಲಿ ಫಾರ್ ಕರ್ನಾಟಕ ಬಟ್ ಆಲ್ಸೋ ಫಾರ್ ಅದರ್ ಸ್ಟೇಟ್ಸ್." ಇಲ್ಲಿ ಜೋಡಿ 'ಯಾರಿಗೆ' ಎಂಬುದಕ್ಕೆ.

ಮೂರನೆಯದರಲ್ಲಿ 'ನಾಟ್ ಓನ್ಲಿ'ಯನ್ನು 'ಜನರೇಟ್ಸ್'ಗಿಂತ ಹಿಂದೆ ತಂದರೆ ಓದುವವರು 'ಉತ್ಪಾದಿಸುವುದು ಮಾತ್ರವಲ್ಲ, ಇನ್ನೇನೋ ಮಾಡುತ್ತದೆ' ಎಂದು ಕಾಯುತ್ತಾರೆ. ಆ ಇನ್ನೇನೋ ಬರುವುದೇ ಇಲ್ಲ. ಜೋಡಿ ತಪ್ಪುವುದೆಂದರೆ ಬರೀ ಮಾರ್ಕಿನ ಪ್ರಶ್ನೆಯಲ್ಲ, ಓದುವವರನ್ನು ತಪ್ಪು ದಾರಿಗೆ ಕಳಿಸಿ ವಾಪಸ್ ಕರೆದ ಹಾಗೆ.

ಕನ್ನಡದ 'ಮಾತ್ರವಲ್ಲ... ಕೂಡ' ಎಂಬ ಜೋಡಿಯಲ್ಲಿ 'ಆದರೆ' ಎಂಬ ಪದವಿಲ್ಲ. ಅದಕ್ಕೇ ನಮ್ಮವರ ಇಂಗ್ಲಿಷಿನಲ್ಲಿ 'ಬಟ್' ಜಾರಿಹೋಗಿ "ನಾಟ್ ಓನ್ಲಿ... ಆಲ್ಸೋ" ಮಾತ್ರ ಉಳಿಯುತ್ತದೆ, ಇಲ್ಲವೇ "ನಾಟ್ ಓನ್ಲಿ... ಆ್ಯಂಡ್ ಆಲ್ಸೋ" ಆಗುತ್ತದೆ. ಬಿಡಬಹುದಾದದ್ದು 'ಆಲ್ಸೋ', 'ಬಟ್' ಅಲ್ಲ. 'ಆಲ್ಸೋ' ಬದಲು ಕೊನೆಯಲ್ಲಿ 'ಆ್ಯಸ್ ವೆಲ್' ಹಾಕಿದರೂ ನಡೆಯುತ್ತದೆ.

'ನಾಟ್ ಓನ್ಲಿ' ವಾಕ್ಯದ ಮೊದಲಿಗೇ ಬಂದಾಗ ಕ್ರಿಯಾಪದ ತಿರುಗುತ್ತದೆ, ಅಂದರೆ 'ಡಿಡ್', 'ವಾಸ್'ನಂಥ ಪದ ಕರ್ತೃವಿಗಿಂತ ಮೊದಲು ಬರುತ್ತದೆ ಎಂದು ಎಲ್ಲ ಗೈಡುಗಳಲ್ಲೂ ಇರುತ್ತದೆ. ಅರ್ಧ ಮಾತು ಅದು. ಈ ಎರಡನ್ನು ಹೋಲಿಸಿ:

"ನಾಟ್ ಓನ್ಲಿ ಡಿಡ್ ದಿ ರೇನ್ ಬ್ಲಾಕ್ ದಿ ಘಾಟ್ ರೋಡ್, ಬಟ್ ಇಟ್ ಆಲ್ಸೋ ಕಟ್ ದಿ ಪವರ್."

"ನಾಟ್ ಓನ್ಲಿ ದಿ ಘಾಟ್ ರೋಡ್ ಬಟ್ ಆಲ್ಸೋ ದಿ ಕೋಸ್ಟಲ್ ಹೈವೇ ವಾಸ್ ಬ್ಲಾಕ್ಡ್."

ಮೊದಲನೆಯದರಲ್ಲಿ ಮಳೆ ರಸ್ತೆ ಮುಚ್ಚಿತು, ಕರೆಂಟೂ ತೆಗೆಯಿತು. ಎರಡೂ ಕಡೆ ಪೂರ್ಣ ವಾಕ್ಯವಿದೆ, ಆದ್ದರಿಂದ 'ಡಿಡ್' ಕರ್ತೃವಿಗಿಂತ ಮೊದಲು ಬಂತು. ಎರಡನೆಯದರಲ್ಲಿ ಘಟ್ಟದ ರಸ್ತೆ, ಹೆದ್ದಾರಿ ಎಂಬ ಎರಡು ಕರ್ತೃಗಳಷ್ಟೇ ಜೋಡಿ, ಅಲ್ಲಿ ಏನನ್ನೂ ತಿರುಗಿಸುವುದಿಲ್ಲ. ಎರಡನ್ನೂ ಬೆರೆಸಿ "ನಾಟ್ ಓನ್ಲಿ ವಾಸ್ ದಿ ಘಾಟ್ ರೋಡ್ ಬಟ್ ಆಲ್ಸೋ ದಿ ಹೈವೇ ಬ್ಲಾಕ್ಡ್" ಎಂದು ಬರೆಯುವವರಿದ್ದಾರೆ, ಅದು ಎತ್ತಲಾಗೂ ಸಲ್ಲದು. 'ಡಿಡ್' ಬಂದಮೇಲೆ ಕ್ರಿಯಾಪದ ಮೂಲರೂಪದಲ್ಲೇ ಇರಬೇಕು, 'ಡಿಡ್ ಬ್ಲಾಕ್ಡ್' ಆಗಬಾರದು. ಪೂರ್ಣ ವಾಕ್ಯಗಳ ಜೋಡಿಯಲ್ಲಿ 'ಆಲ್ಸೋ' ಬಟ್‌ನಿಂದ ಬೇರೆಯಾಗಿ ಕರ್ತೃವಿನ ಆಚೆ ಹೋಗಿ ಕೂರುತ್ತದೆ, 'ಬಟ್'ಗೆ ಮುಂಚೆ ಕಾಮಾ ಬರುತ್ತದೆ. ಉಳಿದ ಕಡೆ ಜೋಡಿಯ ನಡುವೆ ಕಾಮಾ ಬೇಡ.

ನೈದರ್–ನಾರ್ ಮತ್ತು ಎರಡು 'ಇಲ್ಲ'ಗಳು

'ರೈಲೂ ಇಲ್ಲ, ವಿಮಾನವೂ ಇಲ್ಲ'. ಕನ್ನಡದಲ್ಲಿ ಇಲ್ಲ ಎನ್ನುವುದನ್ನು ಎರಡು ಸಲ ಹೇಳುತ್ತೇವೆ. ಇಂಗ್ಲಿಷಿನ 'ನೈದರ್', 'ನಾರ್' ಪದಗಳ ಹೊಟ್ಟೆಯಲ್ಲೇ ಆ 'ಇಲ್ಲ' ಇದೆ. ಜೊತೆಗೆ 'ನಾಟ್' ಸೇರಿಸಿ "ಶಿರಸಿ ಡಸ್ ನಾಟ್ ಹ್ಯಾವ್ ನೈದರ್..." ಎಂದರೆ ಇಲ್ಲದ್ದು ಇಲ್ಲವಾಗಿಬಿಡುತ್ತದೆ. 'ನಾಟ್' ಬೇಕೇ ಬೇಕೆಂದರೆ 'ಐದರ್–ಓರ್' ಹಾಕಿ: "ಶಿರಸಿ ಡಸ್ ನಾಟ್ ಹ್ಯಾವ್ ಐದರ್ ಎ ರೈಲ್ವೆ ಸ್ಟೇಷನ್ ಓರ್ ಆ್ಯನ್ ಏರ್‌ಪೋರ್ಟ್". 'ನೈದರ್'ಗೆ 'ಓರ್' ಜೋಡಿಯಾಗುವುದಿಲ್ಲ, 'ಐದರ್'ಗೆ 'ನಾರ್' ಜೋಡಿಯಾಗುವುದಿಲ್ಲ.

ಇದಕ್ಕಿಂತ ಆಳದ ಗುಂಡಿ 'ಬೋತ್'ನಲ್ಲಿದೆ. 'ಇಬ್ಬರೂ ಬರಲಿಲ್ಲ' ಎಂದರೆ ಕನ್ನಡದಲ್ಲಿ ಅನುಮಾನವೇ ಇಲ್ಲ, ಒಬ್ಬರೂ ಬಂದಿಲ್ಲ. ಅದನ್ನು ಪದಕ್ಕೆ ಪದ ಇಳಿಸಿ "ಬೋತ್ ಡಿಡ್ ನಾಟ್ ಕಮ್" ಎಂದರೆ ಇಂಗ್ಲಿಷ್ ಓದುಗರಿಗೆ 'ಇಬ್ಬರಲ್ಲಿ ಒಬ್ಬರು ಬಂದಿರಬಹುದು' ಎಂದೂ ತೋರುತ್ತದೆ. ಹೇಳಬೇಕಾದದ್ದು "ನೈದರ್ ಆಫ್ ದೆಮ್ ಕೇಮ್". ಕಚೇರಿಗೆ ಬರೆಯುವ ಅರ್ಜಿಯಲ್ಲಿ 'ಎರಡೂ ಕಂತು ಬಂದಿಲ್ಲ' ಎಂಬುದನ್ನು 'ಬೋತ್ ಇನ್‌ಸ್ಟಾಲ್‌ಮೆಂಟ್ಸ್ ಆರ್ ನಾಟ್ ರಿಸೀವ್ಡ್' ಎಂದು ಬರೆದರೆ ಒಂದು ಬಂದಿದೆ ಎಂದು ಯಾರಾದರೂ ಓದಿಕೊಂಡರೆ ಆಶ್ಚರ್ಯವಿಲ್ಲ. 'ನೈದರ್ ಇನ್‌ಸ್ಟಾಲ್‌ಮೆಂಟ್' ಎಂದೇ ಶುರುಮಾಡಿ.

'ಬೋತ್' ಎರಡಕ್ಕೆ ಮಾತ್ರ. ಕಾಳಿ, ಗಂಗಾವಳಿ, ಅಘನಾಶಿನಿ ಎಂದು ಮೂರು ನದಿಗಳ ಹೆಸರು ಹೇಳುವಾಗ ಅದನ್ನು ತರಬೇಡಿ. 'ಬೋತ್... ಆ್ಯಸ್ ವೆಲ್ ಆ್ಯಸ್' ಎಂಬ ಜೋಡಿಯೂ ಇಲ್ಲ, 'ಬೋತ್'ಗೆ 'ಆ್ಯಂಡ್' ಒಂದೇ ಗತಿ.

ಈಸ್ ಹಾಕುವುದೋ ಆರ್ ಹಾಕುವುದೋ

'ಬೋತ್–ಆ್ಯಂಡ್' ಕರ್ತೃವಾದರೆ ಕ್ರಿಯಾಪದ ಯಾವಾಗಲೂ ಬಹುವಚನ. ಶಿರಸಿ ಸುಪಾರಿಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡ್ ಮಾವಿಗೆ 2023ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದ್ದೇ ಎಂಬ ಭೌಗೋಳಿಕ ಗುರುತು) ಸಿಕ್ಕಿತು. "ಬೋತ್ ಶಿರಸಿ ಸುಪಾರಿ ಆ್ಯಂಡ್ ಕರಿ ಇಶಾಡ್ ಹ್ಯಾವ್ ದಿ ಜಿಐ ಟ್ಯಾಗ್". 'ಆ್ಯಸ್ ವೆಲ್ ಆ್ಯಸ್' ಬಂದರೆ ಕತೆ ಬೇರೆ, ಅಲ್ಲಿ ಮೊದಲ ಕರ್ತೃವಿಗಷ್ಟೇ ಲೆಕ್ಕ: "ಶಿರಸಿ ಸುಪಾರಿ, ಆ್ಯಸ್ ವೆಲ್ ಆ್ಯಸ್ ಕರಿ ಇಶಾಡ್, ಹ್ಯಾಸ್ ದಿ ಜಿಐ ಟ್ಯಾಗ್".

'ಐದರ್–ಓರ್', 'ನೈದರ್–ನಾರ್', 'ನಾಟ್ ಓನ್ಲಿ–ಬಟ್ ಆಲ್ಸೋ' ಮೂರರಲ್ಲೂ ಕ್ರಿಯಾಪದ ತನಗೆ ಹತ್ತಿರ ಇರುವ ಕರ್ತೃವಿನ ಮಾತು ಕೇಳುತ್ತದೆ. "ನೈದರ್ ದಿ ಡ್ರೈವರ್ ನಾರ್ ದಿ ಪ್ಯಾಸೆಂಜರ್ಸ್ ವರ್ ಹರ್ಟ್". ಹಿಂದುಮುಂದು ಮಾಡಿದರೆ "ನೈದರ್ ದಿ ಪ್ಯಾಸೆಂಜರ್ಸ್ ನಾರ್ ದಿ ಡ್ರೈವರ್ ವಾಸ್ ಹರ್ಟ್". ಎರಡೂ ಸರಿಯೇ. ಆದರೆ ಪ್ರಯಾಣಿಕರು ಇಷ್ಟು ಜನರಿದ್ದೂ 'ವಾಸ್' ಎಂದು ಓದುವಾಗ ಕಿವಿ ಒಪ್ಪುವುದಿಲ್ಲ. ಬಹುವಚನವನ್ನು ಎರಡನೆಯ ಜಾಗದಲ್ಲಿಡುವ ಪದ್ಧತಿ ಮಾಡಿಕೊಂಡರೆ ಈ ಕಿರಿಕಿರಿಯೇ ಇರುವುದಿಲ್ಲ. 'ಐ' ಬಂದಾಗ ಇನ್ನೂ ವಿಚಿತ್ರ: "ಐದರ್ ಯೂ ಓರ್ ಐ ಆ್ಯಮ್ ರಾಂಗ್". ವ್ಯಾಕರಣಬದ್ಧ, ಆದರೆ ಯಾರೂ ಹಾಗೆ ಮಾತಾಡುವುದಿಲ್ಲ. ಬಹುಆಯ್ಕೆಯ ಪ್ರಶ್ನೆಯಲ್ಲಿ ಬಂದರೆ 'ಆ್ಯಮ್' ಗುರುತು ಮಾಡಿ. ಸ್ವಂತ ಬರವಣಿಗೆಯಲ್ಲಾದರೆ "ಐದರ್ ಯೂ ಆರ್ ರಾಂಗ್ ಓರ್ ಐ ಆ್ಯಮ್" ಎಂದು ಎರಡು ವಾಕ್ಯದ ಜೋಡಿ ಮಾಡಿಬಿಡಿ.

ಉಳಿದ ಜೋಡಿಗಳು

'ಬಸ್ಸು ಕುಮಟಾ ತಲುಪಿದ್ದೇ ತಡ, ಮಳೆ ಹಿಡಿಯಿತು' ಎಂಬುದಕ್ಕೆ ಇಂಗ್ಲಿಷಿನಲ್ಲಿ ಎರಡು ದಾರಿ: "ನೋ ಸೂನರ್ ಹ್ಯಾಡ್ ದಿ ಬಸ್ ರೀಚ್ಡ್ ಕುಮಟಾ ದ್ಯಾನ್ ದಿ ರೇನ್ ಬಿಗ್ಯಾನ್", ಇಲ್ಲವೇ "ಹಾರ್ಡ್ಲಿ ಹ್ಯಾಡ್ ದಿ ಬಸ್ ರೀಚ್ಡ್ ಕುಮಟಾ ವೆನ್ ದಿ ರೇನ್ ಬಿಗ್ಯಾನ್". ಯಾವುದಕ್ಕೆ 'ದ್ಯಾನ್', ಯಾವುದಕ್ಕೆ 'ವೆನ್' ಎಂಬುದು ಸದಾ ಅದಲುಬದಲಾಗುತ್ತದೆ. 'ಸೂನರ್' ಎಂಬುದು 'ಬೇಗ'ಕ್ಕಿಂತ 'ಇನ್ನೂ ಬೇಗ', ಅಂದರೆ ಹೋಲಿಕೆ. ಹೋಲಿಕೆಗೆ 'ದ್ಯಾನ್' ಬೇಕು. 'ಹಾರ್ಡ್ಲಿ', 'ಸ್ಕೇರ್ಸ್‌ಲಿ'ಗಳಲ್ಲಿ ಹೋಲಿಕೆ ಇಲ್ಲ, ಹಾಗಾಗಿ 'ವೆನ್'. ಮೂರರಲ್ಲೂ, ವಾಕ್ಯದ ಮೊದಲಿಗೆ ಬಂದರೆ 'ಹ್ಯಾಡ್' ಕರ್ತೃವಿಗಿಂತ ಮೊದಲು ಬರುತ್ತದೆ.

'ವೆದರ್–ಓರ್' ನಮ್ಮ 'ಬರುತ್ತಾನೋ ಇಲ್ಲವೋ' ತರಹದ್ದು. ಅದರ ಜಾಗದಲ್ಲಿ 'ದ್ಯಾಟ್' ತರಬೇಡಿ: "ಐ ಡೋಂಟ್ ನೋ ವೆದರ್ ಹೀ ವಿಲ್ ಕಮ್ ಓರ್ ನಾಟ್". ಜೋಡಿಯ ಶಿಸ್ತು ಇಲ್ಲೂ ಅದೇ, 'ವೆದರ್ ಬೈ ಬಸ್ ಓರ್ ಬೈ ಟ್ರೈನ್'. 'ಆಲ್‌ದೋ' ಬಂದರೆ 'ಬಟ್' ಬೇಡ, ಬೇಕಿದ್ದರೆ 'ಯೆಟ್'. ಇನ್ನು 'ಬಿಟ್ವೀನ್' ಕಂಜಂಕ್ಷನ್ ಅಲ್ಲ, ಆದರೂ ತಪ್ಪುವ ರೀತಿ ಒಂದೇ ಆದ್ದರಿಂದ ಇಲ್ಲೇ ಹೇಳಿಬಿಡುವುದು ಒಳ್ಳೆಯದು. 'ಬಿಟ್ವೀನ್ 1 ಜೂನ್ ಟು 31 ಜುಲೈ' ಎಂದು ಅರ್ಜಿ, ನೋಟಿಸುಗಳಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತದೆ. 'ಬಿಟ್ವೀನ್'ಗೆ 'ಆ್ಯಂಡ್', 'ಫ್ರಮ್'ಗೆ 'ಟು'.

ಅಭ್ಯಾಸಕ್ಕೆ ಆರು ವಾಕ್ಯ

ಸ್ಪಾಟಿಂಗ್ ಎರರ್ಸ್, ಅಂದರೆ ತಪ್ಪು ಹುಡುಕುವ ಪ್ರಶ್ನೆಯಲ್ಲಿ ವಾಕ್ಯವನ್ನು ನಾಲ್ಕು ತುಂಡು ಮಾಡಿ ಕೊಟ್ಟಿರುತ್ತಾರೆ. ಮೊದಲು ಜೋಡಿಯ ಎರಡನೆಯ ಪದ ಇದೆಯೇ, ಅದು ಸರಿಯಾದ ಪದವೇ ನೋಡಿ. ಆಮೇಲೆ ಎರಡರ ಬೆನ್ನಿಗೆ ಏನಿದೆ ನೋಡಿ. ಕ್ರಿಯಾಪದದ ವಚನ ಕೊನೆಗೆ. ಈ ಕ್ರಮದಲ್ಲಿ ಹೋದರೆ ಹೊತ್ತು ಉಳಿಯುತ್ತದೆ. ಕೆಳಗಿನವನ್ನು ಉತ್ತರ ಮುಚ್ಚಿಕೊಂಡು ಮಾಡಿ ನೋಡಿ. ಒಂದರಲ್ಲಿ ತಪ್ಪೇ ಇಲ್ಲ.

1. "ಗೋಕರ್ಣ ಈಸ್ ನೋನ್ ನಾಟ್ ಓನ್ಲಿ ಫಾರ್ ಇಟ್ಸ್ ಟೆಂಪಲ್ ಬಟ್ ಆಲ್ಸೋ ಇಟ್ಸ್ ಬೀಚಸ್."

2. "ಇನ್ 1930 ದಿ ಪೀಪಲ್ ಆಫ್ ಅಂಕೋಲಾ ಬೋತ್ ಮೇಡ್ ಸಾಲ್ಟ್ ಆ್ಯಂಡ್ ದಿ ಸೆಲ್ಲಿಂಗ್ ಆಫ್ ಇಟ್."

3. "ಐದರ್ ದಿ ಫಿಶರ್‌ಮೆನ್ ಓರ್ ದಿ ಬೋಟ್ ಓನರ್ ಹ್ಯಾವ್ ಟು ಸೈನ್ ದಿ ಫಾರ್ಮ್."

4. "ಹಾರ್ಡ್ಲಿ ಹ್ಯಾಡ್ ದಿ ಟ್ರೈನ್ ಲೆಫ್ಟ್ ಕಾರವಾರ ದ್ಯಾನ್ ಇಟ್ ಎಂಟರ್ಡ್ ಎ ಟನಲ್."

5. "ಶೀ ಸೆಲ್ಸ್ ಫಿಶ್ ಬೋತ್ ಇನ್ ಕಾರವಾರ ಆ್ಯಂಡ್ ಇನ್ ಅಂಕೋಲಾ."

6. "ದಿ ಮಾರಿಕಾಂಬಾ ಫೇರ್ ಆ್ಯಟ್ ಶಿರಸಿ ಈಸ್ ನಾಟ್ ಹೆಲ್ಡ್ ಎವ್ರಿ ಇಯರ್ ಬಟ್ ಎವ್ರಿ ಟೂ ಇಯರ್ಸ್."

ಒಂದನೆಯದರಲ್ಲಿ 'ಫಾರ್' ಗುರುತಿನ ನಂತರ ಬಂದಿದೆ, ಆದ್ದರಿಂದ 'ಬಟ್ ಆಲ್ಸೋ ಫಾರ್ ಇಟ್ಸ್ ಬೀಚಸ್' ಆಗಬೇಕು. ಎರಡನೆಯದು ಉಪ್ಪಿನ ಸತ್ಯಾಗ್ರಹದ ಮಾತು: 'ಮೇಡ್ ಸಾಲ್ಟ್' ಎಂಬ ಕೆಲಸಕ್ಕೆ 'ಸೋಲ್ಡ್ ಇಟ್' ಎಂಬ ಕೆಲಸವೇ ಜೋಡಿ. ಮೂರನೆಯದರಲ್ಲಿ ಹತ್ತಿರದ ಕರ್ತೃ ಒಬ್ಬನೇ ಮಾಲೀಕ, 'ಹ್ಯಾಸ್' ಹಾಕಿ. ನಾಲ್ಕರಲ್ಲಿ 'ದ್ಯಾನ್' ತೆಗೆದು 'ವೆನ್'. ಐದನೆಯದು ಸರಿಯಾಗೇ ಇದೆ, ಎರಡು ಸಲ 'ಇನ್' ಕಂಡು ಒಂದನ್ನು ಹೊಡೆದುಹಾಕಿದವರು ಮಾರ್ಕು ಕಳಕೊಂಡರು.

ಆರನೆಯದು ಸ್ವಲ್ಪ ಸೂಕ್ಷ್ಮ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ. 'ನಾಟ್–ಬಟ್' ಕೂಡ ಒಂದು ಜೋಡಿಯೇ, ಆದರೆ ಅದರ ಮೊದಲರ್ಧ ನಿಷೇಧ, ಹಾಗಾಗಿ ಎರಡನೆಯ ಅರ್ಧವನ್ನಷ್ಟೇ ಓದಿ ನೋಡಬೇಕು. 'ನಾಟ್'ನಿಂದ 'ಬಟ್' ತನಕ ಮುಚ್ಚಿ ಓದಿದರೆ ಸಿಗುವುದು "ದಿ ಫೇರ್ ಈಸ್ ಎವ್ರಿ ಟೂ ಇಯರ್ಸ್". 'ಹೆಲ್ಡ್' ಮುಚ್ಚಿಹೋಯಿತು, ಯಾಕೆಂದರೆ 'ನಾಟ್' ಅದಕ್ಕಿಂತ ಹಿಂದೆ ಬಂದುಬಿಟ್ಟಿದೆ. ಒಂದು ಪದದಷ್ಟು ಮುಂದೆ ಸರಿಸಿ: "ಈಸ್ ಹೆಲ್ಡ್ ನಾಟ್ ಎವ್ರಿ ಇಯರ್ ಬಟ್ ಎವ್ರಿ ಟೂ ಇಯರ್ಸ್".